ಗೊತ್ತಿದ್ದೂ ತಪ್ಪುವ ಮಕ್ಕಳ ಪರವಾಗಿ

ಮಗಳು ಅರ್ಧ ಪುಟದಷ್ಟು ಕೂಡುವ ಲೆಕ್ಕಗಳನ್ನು ಸರಿಯಾಗಿ ಮಾಡಿ, ಅವುಗಳ ಕೆಳಗಿದ್ದ ಕಳೆಯುವ ಲೆಕ್ಕಗಳನ್ನೂ ಕೂಡಿಬಿಟ್ಟಿದ್ದಳು. ‘ಇದೇನು ಚಿಹ್ನೆ?’ ಎಂದು ಕೇಳಿದರೆ ‘ಮೈನಸ್, ಕಳೀಬೇಕು’ ಎಂದು ತಡವರಿಸದೆ ಹೇಳಿದಳು. ಹೇಳಿ, ಮುಂದಿನ ಲೆಕ್ಕವನ್ನು ಮತ್ತೆ ಕೂಡಿದಳು. ‘ಗೊತ್ತಿದ್ದೂ ಗೊತ್ತಿದ್ದೂ ಅದೇ ತಪ್ಪು ಮಾಡ್ತೀಯಲ್ಲ’ ಎಂದು ಗದರಿದೆ. ಗೊತ್ತಿರುವುದನ್ನು ಮಾಡದಿದ್ದರೆ ಅದು ಹಟ, ಇಲ್ಲವೇ ಉದಾಸೀನ ಎಂಬ ನಂಬಿಕೆ ಆ ಗದರಿಕೆಯ ಹಿಂದಿತ್ತು. ಆ ನಂಬಿಕೆ ತಪ್ಪು, ಮಕ್ಕಳಿಗೆ ಅನ್ಯಾಯ ಮಾಡುವಂಥದ್ದು ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿಳಿದಿರುವುದು ಬೇರೆ, ತಿಳಿದದ್ದು ಬೇಕಾದ ಗಳಿಗೆಯಲ್ಲಿ ಕೈಯನ್ನು ನಡೆಸುವುದು ಬೇರೆ. ಈ ಎರಡನೆಯದನ್ನು ಮನೋವಿಜ್ಞಾನಿಗಳು ಕಾರ್ಯನಿರ್ವಾಹಕ ನಿಯಂತ್ರಣ ಎನ್ನುತ್ತಾರೆ. ಫಿಲಿಪ್ ಜೆಲಾಜೊ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂತರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಈಗ ಬಳಕೆಯಲ್ಲಿರುವ ಅದರ ರೂಪ ಹೀಗಿದೆ: ಎರಡು ತಟ್ಟೆಗಳ ಮೇಲೆ ನೀಲಿ ಮೊಲ, ಕೆಂಪು ದೋಣಿಯ ಚಿತ್ರಗಳಿರುತ್ತವೆ. ಮೊದಲು ಬಣ್ಣದ ಆಟ; ಕೆಂಪು ಮೊಲದ ಕಾರ್ಡು ಕೆಂಪು ದೋಣಿಯ ತಟ್ಟೆಗೆ ಹೋಗಬೇಕು. ಮೂರು ವರ್ಷದ ಮಗು ಇದನ್ನು ಸುಲಭವಾಗಿ ಮಾಡುತ್ತದೆ. ಬಳಿಕ ಆಟ ಬದಲಾಗುತ್ತದೆ: ಇನ್ನು ಮೇಲೆ ಬಣ್ಣವಲ್ಲ, ಆಕಾರ. ‘ಆಕಾರದ ಆಟದಲ್ಲಿ ಮೊಲ ಎಲ್ಲಿಗೆ ಹೋಗುತ್ತದೆ?’ ಎಂದರೆ ಮಗು ಸರಿಯಾದ ತಟ್ಟೆಯನ್ನೇ ತೋರಿಸುತ್ತದೆ. ಕಾರ್ಡು ಕೊಟ್ಟರೆ, ತೋರಿಸಿದ ಅದೇ ಕೈ ಅದನ್ನು ಹಳೆಯ ತಟ್ಟೆಗೇ ಹಾಕುತ್ತದೆ. ನಿಯಮವನ್ನು ಪ್ರತಿ ಸಲವೂ ಹೇಳಿಯೇ ಕಾರ್ಡು ಕೊಡುತ್ತಾರೆ ಎಂಬುದನ್ನು ಗಮನಿಸಬೇಕು. ಮತ್ತೆ ಮತ್ತೆ ಹೇಳುವುದೇ ಮದ್ದಾಗಿದ್ದರೆ ಆ ಮಕ್ಕಳು ತಪ್ಪಬಾರದಿತ್ತು.

ದೊಡ್ಡವರೂ ಇದಕ್ಕೆ ಹೊರತಲ್ಲ. ಬ್ರೆಂಡಾ ಮಿಲ್ನರ್ 1963ರಲ್ಲಿ ವರದಿ ಮಾಡಿದ, ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ ಶಸ್ತ್ರಚಿಕಿತ್ಸೆಯಾಗಿದ್ದ ರೋಗಿಗಳು, ಇಂಥದೇ ಕಾರ್ಡು ವಿಂಗಡಿಸುವ ಪರೀಕ್ಷೆಯಲ್ಲಿ ನಿಯಮ ಬದಲಾದ ಮೇಲೆ, ಇಟ್ಟ ಕಾರ್ಡು ತಪ್ಪೆಂದು ಪ್ರತಿ ಸಲ ಹೇಳಿದರೂ ಹಳೆಯ ನಿಯಮವನ್ನು ಬಿಡಲಾಗದೆ ಮುಂದುವರಿಯುತ್ತಿದ್ದರು.

ನೋಡುವುದರಲ್ಲೂ ಇಂಥದೇ ಬಿರುಕಿದೆ. ಟ್ರಾಫ್ಟನ್ ಡ್ರೂ ಮತ್ತು ಸಂಗಡಿಗರು 2013ರಲ್ಲಿ ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ ಗಂಟುಗಳನ್ನು ಹುಡುಕಲು 24 ರೇಡಿಯಾಲಜಿಸ್ಟರಿಗೆ ಕೊಟ್ಟು, ಒಂದರಲ್ಲಿ ಸಾಮಾನ್ಯ ಗಂಟಿನ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿದ್ದರು. 20 ಮಂದಿಗೆ ಅದು ಕಾಣಲಿಲ್ಲ; ಅವರಲ್ಲಿ ಹೆಚ್ಚಿನವರ ದೃಷ್ಟಿ ಗೊರಿಲ್ಲಾ ಇದ್ದ ಜಾಗದ ಮೇಲೇ ಹಾದುಹೋಗಿತ್ತು. ಪರಿಣತರಾದ ಇವರನ್ನು ನಾವು ಉದಾಸೀನರೆಂದು ಕರೆಯುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಆ ಔದಾರ್ಯ ನಮಗೇಕೆ ಇರುವುದಿಲ್ಲ?

ಹಾಗಾದರೆ ಬುದ್ಧಿ ಕಡಿಮೆಯೇ? ಅದೂ ಅವಸರದ ತೀರ್ಪು. ನವೋಮಿ ಫ್ರೀಡ್‌ಮನ್, ಅಕಿರಾ ಮಿಯಾಕೆ ಮೊದಲಾದವರ 2006ರ ಅಧ್ಯಯನದಲ್ಲಿ, ಮನಸ್ಸಿನಲ್ಲಿರುವ ಮಾಹಿತಿಯನ್ನು ಆಗಿಂದಾಗ್ಗೆ ಹೊಸದು ಮಾಡಿಕೊಳ್ಳುವ ಶಕ್ತಿಗೆ ಬುದ್ಧಿಮತ್ತೆಯೊಡನೆ ಬಲವಾದ ನಂಟು ಕಂಡಿತು. ಅಭ್ಯಾಸಬಲವನ್ನು ತಡೆಯುವ, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವ ಶಕ್ತಿಗಳಿಗೆ ಆ ನಂಟು ಅಷ್ಟಾಗಿ ಕಾಣಲಿಲ್ಲ. ಆದರೆ ನಿಯಮವನ್ನು ಬಾಯಲ್ಲಿ ಹೇಳಿಯೂ ಕೆಲಸದಲ್ಲಿ ಕೈಬಿಡುವ ಗುಣ ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಕಡಿಮೆ ಅಂಕ ಪಡೆದ ವಯಸ್ಕರಲ್ಲಿ ಹೆಚ್ಚೆಂದು ಜಾನ್ ಡಂಕನ್ 1996ರಲ್ಲೇ ತೋರಿಸಿದ್ದರು. ಆದ್ದರಿಂದ ಎರಡಕ್ಕೂ ಸಂಬಂಧವೇ ಇಲ್ಲ ಎನ್ನಲಾರೆ. ಒಂದನ್ನು ನೋಡಿ ಇನ್ನೊಂದನ್ನು ಅಳೆಯಬಾರದು ಎಂದಷ್ಟೇ ನನ್ನ ವಾದ.

ನನಗೆ ದಾರಿ ತೋರಿಸಿದ್ದು ನತಾಶಾ ಕರ್ಕಮ್ ಮತ್ತು ಸಂಗಡಿಗರ 2003ರ ಪ್ರಯೋಗ. ಆಟ ಬದಲಾದ ಮೇಲೆ ಪ್ರತಿ ಕಾರ್ಡನ್ನೂ ಇಡುವ ಮೊದಲು ಅದೇನೆಂದು ಮಗುವಿನ ಬಾಯಿಂದಲೇ ಹೇಳಿಸಿದಾಗ, ಮೂರು ವರ್ಷದವರಲ್ಲೂ ಎಷ್ಟೋ ಮಕ್ಕಳು ಹೊಸ ನಿಯಮಕ್ಕೆ ಹೊರಳಿದರು. ಇದು ಎಲ್ಲ ಮಕ್ಕಳಿಗೂ, ಎಲ್ಲ ವಯಸ್ಸಿಗೂ ಫಲಿಸುತ್ತದೆಂದು ನಾನು ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಮಗಳು ಈಗ ಪ್ರತಿ ಲೆಕ್ಕಕ್ಕೂ ಮೊದಲು ಚಿಹ್ನೆಯ ಮೇಲೆ ಬೆರಳಿಟ್ಟು ‘ಕಳಿ’ ಎಂದೋ ‘ಕೂಡು’ ಎಂದೋ ಗಟ್ಟಿಯಾಗಿ ಹೇಳುತ್ತಾಳೆ, ಆಮೇಲೆ ಪೆನ್ಸಿಲ್ ಹಿಡಿಯುತ್ತಾಳೆ. ಕೆಲವೊಮ್ಮೆ ಆಗಲೂ ತಪ್ಪುತ್ತಾಳೆ. ನಾನು ಮತ್ತೆ ಚಿಹ್ನೆ ಯಾವುದೆಂದು ಕೇಳುತ್ತೇನೆ.