ಬಟಾಬಯಲಲ್ಲಿ ರಾಕ್ಷಸನನ್ನು ತೋರಿಸುವ ಕ್ರಮ

1997ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 18 ಕಿಲೋ ಸಲಕರಣೆಯನ್ನು ಬೆನ್ನಿಗೇರಿಸಿಕೊಂಡು ಕ್ಯಾಂಪಸ್ಸಿನಲ್ಲಿ ಅಡ್ಡಾಡಿದರು. ಯಾಕೆಂದರೆ, ಎದುರಿಗಿದ್ದ ಕಟ್ಟಡದ ಹೆಸರು ಕನ್ನಡಕದೊಳಗೆ ಮೂಡುತ್ತಿತ್ತು. ನಿಜದ ನೋಟದ ಮೇಲೆ ಕಂಪ್ಯೂಟರಿನ ಚಿತ್ರ, ಅಕ್ಷರ ಕೂರಿಸುವ ಈ ವಿದ್ಯೆಗೆ ಆಗ್ಮೆಂಟೆಡ್ ರಿಯಾಲಿಟಿ ಎಂದು ಹೆಸರು. ಬಾಗಿಲ ಬಳಿಯ ಬೋರ್ಡು ಓದುವವರಿಗೆ ಬೆನ್ನುನೋವಿಲ್ಲ, ಆದರೆ ಅದಕ್ಕೆ ಸಂಶೋಧನಾ ಅನುದಾನವೂ ಇಲ್ಲ.

2000ದಲ್ಲಿ ಸೌತ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋಗಿ, ಕ್ವೇಕ್ ಎಂಬ ಕಂಪ್ಯೂಟರ್ ಆಟದ ರಾಕ್ಷಸರನ್ನು ಅಡಿಲೇಡ್‌ನ ಕ್ಯಾಂಪಸ್ಸಿಗೆ ಬಿಟ್ಟರು. ಪಾರದರ್ಶಕ ಕನ್ನಡಕದಲ್ಲಿ ಕಪ್ಪು ಎಂದರೆ ಏನೂ ಇಲ್ಲ ಎಂದರ್ಥ. ಕನ್ನಡಕ ಬೆಳಕನ್ನು ಸೇರಿಸಬಲ್ಲದು, ಕಳೆಯಲಾರದು. ಆಟದ ಗೋಡೆಗಳಿಗೆ ಕಪ್ಪು ಬಳಿದರೆ ಅವು ಮಾಯವಾಗಿ ನಿಜದ ಕಟ್ಟಡವೇ ಕಾಣುತ್ತದೆ, ರಾಕ್ಷಸ ಅದರ ಹಿಂದೆ ಅಡಗುತ್ತಾನೆ, ಇದು ಜಾಣತನ. ಆದರೆ ಕ್ವೇಕಿನ ರಾಕ್ಷಸರು ಹುಟ್ಟಾ ಮಂಕು ಕಂದು ಬಣ್ಣದವರು, ಬಿಸಿಲಿಗೆ ಬಂದರೆ ಅವರೂ ಮಾಯ. ಹಾಗಾಗಿ ಯಾವ ಬಣ್ಣ ಬಿಸಿಲಲ್ಲಿ ಕಾಣುತ್ತದೆಂದು ಪರೀಕ್ಷಿಸಿ ಅವರಿಗೆ ಹೊಸ ಬಣ್ಣ ಬಳಿಯಬೇಕಾಯಿತು. ಮದುವೆಗೆ ಹೊರಟಂತಿರುವ ರಾಕ್ಷಸನಿಗೆ ಹೆದರುವ ಹೊಣೆ ಆಟಗಾರನದು.

ಇಂಥದ್ದನ್ನು ಪತ್ರಕರ್ತರಿಗೂ ಗಣ್ಯರಿಗೂ ತೋರಿಸಬೇಕಿದ್ದರೆ ಮೊದಲು ಮುಹೂರ್ತ ನೋಡಿ. ನೆತ್ತಿಯ ಬಿಸಿಲು 1,00,000 ಲಕ್ಸ್ (ಬೆಳಕಿನ ಅಳತೆ) ಮುಟ್ಟುತ್ತದೆ, ಮೋಡವೇ ಶುಭ. ಜಾಗ ನೋಡುವಾಗ ಮರ, ಎತ್ತರದ ಕಟ್ಟಡಗಳನ್ನು ದೂರವಿಡಿ, ನೀವೆಲ್ಲಿ ನಿಂತಿದ್ದೀರೆಂದು ಸಲಕರಣೆಗೆ ಹೇಳುವ ಜಿಪಿಎಸ್ ಸಂಕೇತವನ್ನು ಅವು ತಡೆಯುತ್ತವೆ, ಇಲ್ಲವೇ ಅಡ್ಡಾದಿಡ್ಡಿ ಪುಟಿಸುತ್ತವೆ. ನಿಂತ ಜಾಗದ ಲೆಕ್ಕ 5 ಮೀಟರ್ ತಪ್ಪಿದರೆ 10 ಮೀಟರ್ ದೂರದ ರಾಕ್ಷಸ ಸುಮಾರು 27 ಡಿಗ್ರಿ ಪಕ್ಕಕ್ಕೆ ಸರಿಯುತ್ತಾನೆ, ಅಂದರೆ ಗೋಡೆಯೊಳಗೆ ನಿಲ್ಲುತ್ತಾನೆ. ಅದೇ ರಾಕ್ಷಸನನ್ನು 100 ಮೀಟರ್ ಆಚೆ ನಿಲ್ಲಿಸಿದರೆ ತಪ್ಪು 3 ಡಿಗ್ರಿಗೂ ಕಮ್ಮಿ. ದೂರದ ಬೆಟ್ಟ ನುಣ್ಣಗೆ ಎಂಬುದು ಇಲ್ಲಿ ಲೆಕ್ಕಾಚಾರ. ಕಬ್ಬಿಣದ ಬೇಲಿ, ಕಾರುಗಳೂ ಬೇಡ. ತಲೆ ಎತ್ತ ತಿರುಗಿದೆಯೆಂದು ಹೇಳುವ ದಿಕ್ಸೂಚಿಗೆ ಅವುಗಳ ಮೇಲೆ ಮೋಹ, 1 ಡಿಗ್ರಿ ತಿರುಗಿಕೊಂಡರೂ 100 ಮೀಟರ್ ದೂರದಲ್ಲಿ ಚಿತ್ರ ಒಂದೂ ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಯಿತು. ಮರವಿಲ್ಲ, ಕಟ್ಟಡವಿಲ್ಲ, ಬಿಸಿಲಿಲ್ಲ, ವಾಹನವಿಲ್ಲ: ‘ನಿಜ ಜಗತ್ತಿನಲ್ಲಿ ಪ್ರಾತ್ಯಕ್ಷಿಕೆ’ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಲು ಈಗ ಅಡ್ಡಿಯಿಲ್ಲ.

ಉಳಿದದ್ದು ಅತಿಥಿಯ ಕತ್ತು. ಸೆಕೆಂಡಿಗೆ 50 ಡಿಗ್ರಿ ವೇಗದಲ್ಲಿ ತಲೆ ತಿರುಗಿಸಿದರೆ, ಚಿತ್ರ 100 ಮಿಲಿಸೆಕೆಂಡ್ ತಡವಾದರೂ ಸಾಕು, 5 ಡಿಗ್ರಿ ಹಿಂದೆ ಬೀಳುತ್ತದೆ. ಕನ್ನಡಕವಿರುವ ಹೆಲ್ಮೆಟ್ ಬಿಗಿದ ಮೇಲೆ ‘ಸಾರ್, ಸ್ವಲ್ಪ ನೇರ ನೋಡಿ’ ಎಂದು ಬಿನ್ನವಿಸಿ. ಫೋಟೋದಲ್ಲಿ ಅದು ತದೇಕಚಿತ್ತದ ಬೆರಗಿನಂತೆ ಬರುತ್ತದೆ. ಕನ್ನಡಕದೊಳಗಿನ ಕಟ್ಟಡವೇಕೆ ಅಲುಗುತ್ತಿದೆ ಎಂದು ಅವರು ಕೇಳಿಬಿಟ್ಟರೆ, ಭೂಕಂಪ ತಡೆಯುವ ವಿನ್ಯಾಸ ಎಂದುಬಿಡಿ.