ರ‍್ಯಾಂಕಿನ್ ಹಾಕಿದ ಒಂಟಿ ವೋಟು: ಸರಿಯೋ, ತಪ್ಪೋ?

ಪರ

1941ರ ಡಿಸೆಂಬರ್ 8. ಜಪಾನ್ ಮೇಲೆ ಯುದ್ಧ ಸಾರಲು ಅಮೆರಿಕದ ಕೆಳಮನೆಯಲ್ಲಿ 388 ಜನ ಹೌದು ಎಂದರು. ಬೇಡ ಎಂದದ್ದು ಒಬ್ಬರೇ, ಮೊಂಟಾನಾ ರಾಜ್ಯದ ಜೆನೆಟ್ ರ‍್ಯಾಂಕಿನ್.

ಹಿಂದಿನ ದಿನವಷ್ಟೇ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿದ್ದಿತ್ತು. ಎಲ್ಲರಿಗೂ ಸಿಟ್ಟು ನೆತ್ತಿಗೇರಿತ್ತು. ಅಂಥ ಹೊತ್ತಲ್ಲೇ ಅಲ್ವಾ, 'ಸ್ವಲ್ಪ ತಡೀರಿ' ಎನ್ನುವವರು ಒಬ್ಬರಾದರೂ ಬೇಕಾಗುವುದು? ರ‍್ಯಾಂಕಿನ್ ಮಾತಾಡಲು ಎದ್ದರು. ಸ್ಪೀಕರ್ ಸ್ಯಾಮ್ ರೇಬರ್ನ್ ಅವಕಾಶವನ್ನೇ ಕೊಡಲಿಲ್ಲ. ಕೊನೆಗೆ ಹೆಸರು ಕೂಗಿದಾಗ ಬೇಡ ಎಂದರು. ಹೆಂಗಸಾದ ನಾನು ಯುದ್ಧಕ್ಕೆ ಹೋಗಲಾರೆ, ಬೇರೆಯವರನ್ನು ಕಳಿಸಲೂ ಒಪ್ಪಲಾರೆ ಎಂದರು. ಆಮೇಲೆ ಜನ ಮುತ್ತಿಕೊಂಡರು. ಅವರು ಫೋನ್ ಬೂತಿನೊಳಗೆ ಹೊಕ್ಕು ನಿಂತರು. ಪೊಲೀಸರೇ ಬಂದು ಆಫೀಸಿಗೆ ಬಿಟ್ಟುಬರಬೇಕಾಯಿತು. ಆಗ ಅವರಿಗೆ 61 ವರ್ಷ.

ಇದು ಆ ದಿನ ಹುಟ್ಟಿದ ಹಟ ಅಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಹೆಂಗಸರಿಗೆ ವೋಟೇ ಇಲ್ಲದ 1916ರಲ್ಲಿ, ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಗೆದ್ದುಬಂದ ಮೊದಲ ಮಹಿಳೆ ಅವರು. ಮರುವರ್ಷ ಜರ್ಮನಿ ಮೇಲಿನ ಯುದ್ಧಕ್ಕೂ ಬೇಡ ಎಂದಿದ್ದರು. 1940ರಲ್ಲಿ ಮತ್ತೆ ಗೆದ್ದದ್ದೂ ಯುದ್ಧದ ಸಹವಾಸ ಬೇಡ ಎಂದು ಹೇಳಿಕೊಂಡೇ. ಮೊಂಟಾನಾದ ಜನ ಗೊತ್ತಿದ್ದೇ ಕಳಿಸಿದ್ದರು.

ಅವರ ವೋಟಿನಿಂದ ಯುದ್ಧವೇನೂ ತಡವಾಗಲಿಲ್ಲ. ಅದೇ ಸಂಜೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದರು. ಎಲ್ಲರೂ ಒಪ್ಪಿದ್ದರು ಎಂಬ ಮಾತು ಮಾತ್ರ ಕೆಳಮನೆಯ ದಾಖಲೆಗೆ ಸೇರಲಿಲ್ಲ.

ವಿರೋಧ

ಧೈರ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಫೋನ್ ಬೂತಿನ ಕಥೆ ಓದಿದರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ. ಆದರೆ 1917ರಲ್ಲಿ ಯುದ್ಧ ಕಡಲಾಚೆ ಇತ್ತು, ಬೇಡ ಎಂದವರೂ 50 ಜನ ಇದ್ದರು. ಈ ಸಲ ಮನೆಗೇ ಬೆಂಕಿ ಬಿದ್ದಿತ್ತು. 2,400ಕ್ಕೂ ಜಾಸ್ತಿ ಜನ ಸತ್ತಿದ್ದರು. ಬೇಡ ಎನ್ನುವವರು ಹಾಗಾದರೆ ಮಾಡುವುದೇನು ಎಂದೂ ಹೇಳಬೇಕಲ್ಲ? ಅವತ್ತು ಬಾಯಿ ಮುಚ್ಚಿಸಿದರು, ಒಪ್ಪೋಣ. ಸರಿಯಾಗಿ ಒಂದು ವರ್ಷದ ಮೇಲೆ ರ‍್ಯಾಂಕಿನ್ ಎತ್ತಿದ ಪ್ರಶ್ನೆಗಳೂ ಜಪಾನನ್ನು ಕೆಣಕಿದ್ದು ರೂಸ್‌ವೆಲ್ಟ್ ಅಲ್ಲವೇ ಎಂಬಂಥವೇ. ಜಪಾನನ್ನು ತಡೆಯುವ ದಾರಿ ಅಲ್ಲೂ ಇಲ್ಲ.

ಇನ್ನು ಆ 'ಹೆಂಗಸಾದ ನಾನು' ಎಂಬ ಮಾತು. ಅದೇ ಪರ್ಲ್ ಹಾರ್ಬರ್‌ನಲ್ಲಿ ನರ್ಸುಗಳು ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದರು. ಯುದ್ಧ ಹೆಂಗಸರನ್ನು ಕೇಳಿಕೊಂಡು ಬಂದಿರಲಿಲ್ಲ.

ಗಾಂಧೀಜಿಯನ್ನು ಮೆಚ್ಚಿ ಅವರು ಮುಂದೆ ಏಳು ಸಲ ಭಾರತಕ್ಕೆ ಬಂದರು. ಅದಕ್ಕೇ ನಮಗೆ ಅವರ ಮೇಲೆ ಒಂಚೂರು ಮಮತೆ ಜಾಸ್ತಿ. ಆದರೆ ಗಾಂಧಿ ಬೇಡ ಎಂದಾಗ ಜೈಲಿಗೆ ಹೋಗಲು ಸಾವಿರಾರು ಜನ ತಯಾರಿದ್ದರು. ರ‍್ಯಾಂಕಿನ್ ಹಿಂದೆ ಸ್ವಂತ ತಮ್ಮನೂ ಇರಲಿಲ್ಲ. ಮೊಂಟಾನಾ ನೂರಕ್ಕೆ ನೂರು ನಿನ್ನ ವಿರುದ್ಧ ಇದೆ ಎಂದು ತಮ್ಮ ವೆಲಿಂಗ್ಟನ್ನೇ ಹೇಳಿಕಳಿಸಿದ. 1942ರಲ್ಲಿ ಅವರು ಚುನಾವಣೆಗೇ ನಿಲ್ಲಲಿಲ್ಲ.

ಹೋಗಲಿ, ತತ್ವ ಎಂದೇ ಇಟ್ಟುಕೊಳ್ಳೋಣ. ಯಾವ ಯುದ್ಧವೂ ಬೇಡ ಎನ್ನುವವರಿಗೆ ಹಿಟ್ಲರ್ ಮೇಲಿನದೂ ಬೇಡವಾಗಬೇಕಿತ್ತು. ಮೂರೇ ದಿನಕ್ಕೆ ಜರ್ಮನಿ, ಇಟಲಿಗಳ ಸರದಿ ಬಂತು. ಮತ್ತೆ ಹೆಸರು ಕೂಗಿದರು. ರ‍್ಯಾಂಕಿನ್ ಹೌದು ಎನ್ನಲಿಲ್ಲ, ಬೇಡ ಎಂದೂ ಎನ್ನಲಿಲ್ಲ. ಸುಮ್ನೆ 'ಹಾಜರಿದ್ದೇನೆ' ಎಂದರು.