ಹೊಳೆ ದಾಟುವ ಮೊದಲು

ಅಮೆರಿಕದ ಯೂಟಾ ರಾಜ್ಯದಲ್ಲಿ ಫ್ರೀಮಾಂಟ್ ಅಂತ ಒಂದು ಹೊಳೆ ಇದೆ. ಶರಾವತಿ ನೋಡಿ ಬೆಳೆದವರ ಕಣ್ಣಿಗೆ ಅದು ಹೊಳೆಯೇ ಅಲ್ಲ, ಹಳ್ಳ. ಮಾಮೂಲಿ ದಿನಗಳಲ್ಲಿ ಮೊಣಕಾಲು ಮುಟ್ಟುವಷ್ಟೂ ನೀರಿರುವುದಿಲ್ಲ. ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದ ಉತ್ತರ ತುದಿಯಲ್ಲಿ ಕತೀಡ್ರಲ್ ವ್ಯಾಲಿ ಅನ್ನುವ ಬಟಾಬಯಲು ಇದೆ. ಹಾರ್ಟ್‌ನೆಟ್ ರಸ್ತೆ ಹಿಡಿದು ಅಲ್ಲಿಗೆ ಹೋಗಬೇಕಾದರೆ ಈ ಹೊಳೆಗೇ ಗಾಡಿ ಇಳಿಸಬೇಕು. ಆ ಜಾಗದಲ್ಲಿ ಸೇತುವೆ ಇಲ್ಲ. ಕಟ್ಟುವ ಯೋಚನೆ ಇದ್ದಂತೆಯೂ ಕಾಣುವುದಿಲ್ಲ.

ನಾನು ಸಾಲ್ಟ್ ಲೇಕ್ ಸಿಟಿಗೆ ಬಂದು ಹನ್ನೊಂದು ವರ್ಷವಾಯಿತು. ಹುಟ್ಟಿದ್ದು ಸಾಗರ ತಾಲ್ಲೂಕಿನಲ್ಲಿ, ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದ ಕರೂರು ಹೋಬಳಿಯಲ್ಲಿ. ಹಾಗಾಗಿ ಹೊಳೆ ದಾಟುವುದು ನನಗೆ ಹೊಸದಲ್ಲ. ಆದರೂ ಫ್ರೀಮಾಂಟ್ ಹೊಳೆಯ ದಡದಲ್ಲಿ ನಿಂತ ಮೇಲೆ ನಮ್ಮೂರ ಹೊಳೆಗಳ ಬಗ್ಗೆ ನನ್ನ ತಿಳುವಳಿಕೆ ಸ್ವಲ್ಪ ಬದಲಾಯಿತು. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅನಿಸುತ್ತಿತ್ತು.

ಮೊದಲ ಸಲ ಹೋಗಿದ್ದು ಒಂದು ಆಗಸ್ಟ್‌ನಲ್ಲಿ. ಜೊತೆಗೆ ಆಫೀಸಿನ ಗೆಳೆಯ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಗಾಡಿಯ ಹಿಂದೆ ಎರಡು ಸೈಕಲ್ ಕಟ್ಟಿಕೊಂಡಿದ್ದೆವು. ಆ ಕಡೆ ಸೈಕಲ್ ತುಳಿಯಲು ಬರುವವರು ಜಾಸ್ತಿ. ಪೂರ್ತಿ ಸುತ್ತು 58 ಮೈಲಿ, ಅಂದರೆ 93 ಕಿಲೋಮೀಟರು. ಅಷ್ಟು ದೂರದಲ್ಲಿ ಒಂದು ಅಂಗಡಿ ಇಲ್ಲ, ಕುಡಿಯುವ ನೀರಿನ ನಲ್ಲಿ ಇಲ್ಲ, ಫೋನ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಹತ್ತಿರ ಹತ್ತಿರ ನಾಲ್ಕು ಲೀಟರ್ ನೀರು ಹೊತ್ತುಕೊಂಡೇ ಹೋಗಬೇಕು. ನಾವು ಎಲ್ಲ ತಯಾರಿ ಮಾಡಿಕೊಂಡೇ ಹೋಗಿದ್ದೆವು.

ಹೊಳೆಯ ಹತ್ತಿರ ಹೋದಾಗ ಆಕಾಶ ತಿಳಿ ನೀಲಿ. ಒಂದು ಮೋಡದ ಚೂರೂ ಇರಲಿಲ್ಲ. ಆದರೆ ನೀರು ಕೆಂಪಗಿತ್ತು. ಮೇಲೆ ಕಸ ಕಡ್ಡಿ ತೇಲಿಕೊಂಡು ಬರುತ್ತಿತ್ತು. ಗೆಳೆಯ ಎರಡು ನಿಮಿಷ ನೋಡಿದ. ಏನೂ ಮಾತಾಡಲಿಲ್ಲ. ಗಾಡಿ ತಿರುಗಿಸಿಬಿಟ್ಟ.

ನನಗೆ ತಟ್ಟನೆ ಸೋದರಮಾವ ನೆನಪಾದರು. ಶಾಲೆಗೆ ಹೋಗುವಾಗ ನಮಗೆ ಒಂದು ಹಳ್ಳ ಸಿಗುತ್ತಿತ್ತು. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತಿದ್ದೆವು. ಮಳೆಗಾಲಕ್ಕೆ ಎರಡು ಅಡಿಕೆ ದಬ್ಬೆ ಜೋಡಿಸಿ, ಬಳ್ಳಿ ಬಿಗಿದು, ಕಾಲುಸಂಕ ಹಾಕುತ್ತಿದ್ದರು. ಜೋರು ಮಳೆಯ ದಿನ ಮಾವ ನಮಗಿಂತ ಮುಂಚೆ ಹೋಗಿ ಅಲ್ಲಿ ನಿಂತಿರುತ್ತಿದ್ದರು. ಕಂಬಳಿಕೊಪ್ಪೆ ಹೊದ್ದು, ಕೈಯಲ್ಲಿ ಒಂದು ಬಿದಿರು ಗಳ. ಗಳವನ್ನು ನೀರಿಗೆ ಅದ್ದಿ, ಎಲ್ಲಿವರೆಗೆ ಒದ್ದೆಯಾಗಿದೆ ಅಂತ ಬೆರಳಿಟ್ಟು ನೋಡುತ್ತಿದ್ದರು. ಆಮೇಲೆ ನೀರಿನ ಬಣ್ಣ ನೋಡುತ್ತಿದ್ದರು. ಕೆಂಪಾಗಿ, ಎಲೆ ಕಡ್ಡಿ ಹೊತ್ತುಕೊಂಡು ಬಂದರೆ, 'ಮೇಲೆ ಬಿದ್ದಿದೆ ಮಳೆ. ಇವತ್ತು ಶಾಲೆ ಬೇಡ, ಮನೆಗೆ ನಡೀರಿ' ಅಂತ ವಾಪಸ್ ಕಳಿಸುತ್ತಿದ್ದರು. ಇಲ್ಲಿ ಮಳೆ ನಿಂತಿದೆಯಲ್ಲ ಮಾವ ಅಂದರೆ, 'ಹೊಳೆಗೆ ಇಲ್ಲಿಯ ಮಳೆ ಗೊತ್ತಿಲ್ಲ' ಅನ್ನುತ್ತಿದ್ದರು.

ಭೂಮಿಯ ಆ ಬದಿಯಲ್ಲಿ, ಕನ್ನಡದ ಒಂದಕ್ಷರ ಗೊತ್ತಿಲ್ಲದವನು ಅದೇ ಕೆಂಪು ನೀರು ನೋಡಿ ಅದೇ ತೀರ್ಮಾನಕ್ಕೆ ಬಂದಿದ್ದ. ಆ ಪ್ರದೇಶದಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳಲ್ಲಿ ಒಂದೇ ದಿನ ಅಷ್ಟು ಸುರಿಯುವುದುಂಟು. ಆದರೂ ಎರಡೂ ಕಡೆ ಹೊಳೆಯ ಗುಣ ಒಂದೇ. ಮರುಭೂಮಿಯಲ್ಲಿ ನೀರು ಹಿಡಿದಿಟ್ಟುಕೊಳ್ಳಲು ಗಿಡಮರವಿಲ್ಲ. ಬರೀ ಬಂಡೆ. ಬಿದ್ದ ಮಳೆಯೆಲ್ಲ ಒಟ್ಟಿಗೆ ಹರಿದು ಬರುತ್ತದೆ.

ಎರಡನೇ ಸಲ ಅಕ್ಟೋಬರ್‌ನಲ್ಲಿ ಹೋದೆವು. ಹೋಗುವ ಮೊದಲು ಉದ್ಯಾನದ ಕಚೇರಿಯಲ್ಲಿ ಕೇಳಿದೆವು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನೀರು ಎಷ್ಟಿದೆ, ಮುಂದೆ ರಸ್ತೆ ಯಾವ ಯಾವ ಕಡೆ ಕೆಟ್ಟಿದೆ ಅಂತ ನಕ್ಷೆಯ ಮೇಲೆ ಪೆನ್ನಿನಿಂದ ಗುರುತು ಹಾಕಿ ಕೊಟ್ಟರು. 'ಮಳೆ ಬಂದರೆ ಇದ್ದಲ್ಲೇ ಇರಿ, ಮಣ್ಣು ಒಣಗುವವರೆಗೆ ಗಾಡಿ ಅಲ್ಲಾಡಿಸಬೇಡಿ' ಅಂದರು. ಅಲ್ಲಿ ಬೆಂಟೊನೈಟ್ ಅನ್ನುವ ಜೇಡಿ ಇದೆ. ಹಳೇ ಜ್ವಾಲಾಮುಖಿಗಳ ಬೂದಿಯಿಂದ ಆದದ್ದು. ನೀರು ಕುಡಿದರೆ ಉಬ್ಬಿ ಬೆಣ್ಣೆಯ ಹಾಗೆ ಜಾರುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ಸೈಕಲ್ ನೂಕಿದವರಿಗೆ ಇದು ಅರ್ಥವಾಗುತ್ತದೆ. ಎರಡರಲ್ಲೂ ಇರುವುದು ಒಂದೇ ಜಾತಿಯ ಜೇಡಿ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಜಾರುತ್ತದೆ, ಆದರೆ ಹೀಗೆ ಚಕ್ರ ಹಿಡಿದು ನಿಲ್ಲಿಸುವುದಿಲ್ಲ.

ಹೊಳೆ ದಾಟಿದ್ದು ಒಂದು ನಿಮಿಷದ ಕೆಲಸ. ಗಾಡಿ ಇಳಿಸುವ ಮೊದಲು ಗೆಳೆಯ ಪ್ಯಾಂಟು ಮಡಚಿ, ಕೋಲು ಹಿಡಿದು, ಆಚೆ ದಡದವರೆಗೆ ನಡೆದು ಬಂದ. ಅಡಿಯಲ್ಲಿ ಗಟ್ಟಿ ಕಲ್ಲು ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಗೇರ್ ಹಾಕಿದ್ದು. ನನಗೆ ಮಾವನ ಬಿದಿರು ಗಳವೇ ಕಣ್ಣಮುಂದೆ ಬಂತು.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ನಮ್ಮ ಕಡೆಯ ಎಷ್ಟೋ ಊರುಗಳು ಮುಳುಗಡೆಯಾದವು. 1948ರ ಹಿರೇಭಾಸ್ಕರ ಅಣೆಕಟ್ಟೇ ಆ ನೀರಿನಡಿ ಹೋಯಿತು. ಮುಳುಗದೆ ಉಳಿದ ತುಮರಿ ಕಡೆಯ ಹಳ್ಳಿಗಳಿಗೆ ಸಾಗರ ಪೇಟೆಯೇ ದೂರವಾಯಿತು. ನಾಡಿಗೆಲ್ಲ ಕರೆಂಟು ಕೊಡಲು ಜಮೀನು ಬಿಟ್ಟುಕೊಟ್ಟವರು ಒಂದು ಲಾಂಚ್ ನೆಚ್ಚಿಕೊಂಡು ಬದುಕಬೇಕಾಯಿತು. ಬಸ್ಸು, ಕಾರು, ಬೈಕು, ಜನ ಎಲ್ಲ ಒಂದೇ ಲಾಂಚಿನಲ್ಲಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಅಲ್ಲೇ. ಇಲ್ಲದಿದ್ದರೆ ಕಾರ್ಗಲ್, ಕೋಗಾರು ಸುತ್ತಿ ಕಾಡುದಾರಿಯಲ್ಲಿ ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ಗಾಡಿ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು.

ನನ್ನ ಅಜ್ಜಿಗೆ ಒಂದು ರಾತ್ರಿ ಉಸಿರಾಟದ ತೊಂದರೆಯಾಯಿತು. ಅಪ್ಪ, ಚಿಕ್ಕಪ್ಪ ಜೀಪಿನಲ್ಲಿ ದಡದವರೆಗೆ ಕರೆತಂದರು. ಬೆಳಿಗ್ಗೆಯ ಮೊದಲ ಲಾಂಚಿನವರೆಗೆ ಜೀಪಿನೊಳಗೇ ಕೂತರು. ಆಚೆ ದಡದ ದೀಪ ಕಾಣುತ್ತಿತ್ತಂತೆ. ಅಜ್ಜಿ ಬದುಕಿದರು. ಆದರೆ ಅಪ್ಪ ಆ ರಾತ್ರಿಯ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಮುಳುಗಡೆಯಾಗಿ ಅರವತ್ತು ವರ್ಷ ಕಳೆದ ಮೇಲೆ. ಆವತ್ತು ಇಲ್ಲಿಯ ಕನ್ನಡದ ಗೆಳೆಯರು ಕೆಲವರು, 'ಅಯ್ಯೋ, ಇನ್ನು ಸಿಗಂದೂರಿಗೆ ಲಾಂಚಿನಲ್ಲಿ ಹೋಗುವ ಮಜಾ ಇಲ್ಲ' ಅಂತ ಬೇಸರ ಮಾಡಿಕೊಂಡರು. ನನಗೆ ಆ ಮಾತು ನೋವು ಕೊಟ್ಟಿತು. ಫ್ರೀಮಾಂಟ್ ಹೊಳೆಯ ಆಚೆ ಯಾರ ಮನೆಯೂ ಇಲ್ಲ, ಅಜ್ಜಿಯಂದಿರಿಲ್ಲ. ಅಲ್ಲಿಗೆ ಹೋಗುವವರೆಲ್ಲ ನೋಡಲು ಹೋಗುವವರೇ. ಅವರಿಗೆ ಸೇತುವೆ ಬೇಡ. ದಾರಿ ಕಷ್ಟವಿದ್ದಷ್ಟೂ ಒಳ್ಳೆಯದೇ, ಆ ಬಯಲು ಉಳಿಯುತ್ತದೆ. ತುಮರಿಯ ಆಚೆ ಜನ ಇದ್ದಾರೆ. ಹೆರಿಗೆ, ಪರೀಕ್ಷೆ, ಅಡಿಕೆ ಮಂಡಿ ಎಲ್ಲದಕ್ಕೂ ಅವರು ಹೊಳೆ ದಾಟಲೇಬೇಕು. ಬದುಕುವವರಿಗೆ ಸೇತುವೆ ಬೇಕು. ನೋಡಲು ಬರುವವರಿಗೆ ಕಚ್ಚಾ ದಾರಿ ಸಾಕು. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ ಅಂತ ನನಗೆ ಅನಿಸುತ್ತದೆ. ಶಾಲೆ ಮಕ್ಕಳು ಇವತ್ತಿಗೂ ಕಾಲುಸಂಕದ ಮೇಲೆ ಹೋಗುವ ಊರುಗಳಿವೆ. ಅದೇ ಹೊತ್ತಿಗೆ ಗುಡ್ಡದ ತುದಿಯವರೆಗೂ ಜೀಪು ಹೋಗಬೇಕು ಅಂತ ಪ್ರವಾಸಿಗರು ಹಟ ಹಿಡಿಯುತ್ತಾರೆ.

ಆ ಉದ್ಯಾನದಲ್ಲಿ ಸೈಕಲ್ಲೂ ರಸ್ತೆ ಬಿಟ್ಟು ಇಳಿಯುವಂತಿಲ್ಲ. ನಡೆಯುವ ದಾರಿಗಳಲ್ಲಿ ಸೈಕಲ್‌ಗೆ ಪ್ರವೇಶವೇ ಇಲ್ಲ. ಅಲ್ಲಿಯ ಮರಳಿನ ಮೇಲೆ ಕಪ್ಪಗೆ ಹಕ್ಕಳೆಯಂಥ ಪದರವೊಂದು ಇರುತ್ತದೆ. ಪಾಚಿ, ಕಲ್ಲುಹೂವು, ಕಣ್ಣಿಗೆ ಕಾಣದ ಜೀವಿಗಳು ಸೇರಿ ಕಟ್ಟಿಕೊಂಡದ್ದು. ಒಂದು ಚಕ್ರ ಹರಿದರೆ ಅದು ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕು. ಬಗ್ಗಿ ನೋಡಿದಾಗ ನನಗೆ ನಮ್ಮ ಘಟ್ಟದ ಹುಲ್ಲುಗುಡ್ಡಗಳು ನೆನಪಾದವು. ಜೀಪಿನ ಚಕ್ರ ಹರಿದ ಕಡೆ ಹುಲ್ಲು ಹೋಗಿ, ಮಳೆನೀರು ಹರಿದು, ಎರಡು ಮಳೆಗಾಲದಲ್ಲಿ ಆಳೆತ್ತರದ ಕೊರಕಲು ಬೀಳುತ್ತದೆ. ನಾನೇ ನೋಡಿದ್ದೇನೆ.

ಮರುಭೂಮಿಯಲ್ಲಿ ಇಲ್ಲದ್ದು ನಮ್ಮಲ್ಲಿ ಒಂದಿದೆ. ಆ 93 ಕಿಲೋಮೀಟರಿನಲ್ಲಿ 'ಎಲ್ಲಿಗೆ ಹೊರಟಿದ್ದು?' ಅಂತ ಕೇಳುವವರು ಯಾರೂ ಸಿಗಲಿಲ್ಲ. ನಮ್ಮ ಕಡೆ ಬೈಕ್ ನಿಲ್ಲಿಸಿದರೆ ಸಾಕು, ಯಾರೋ ತೋಟದಿಂದ ಮೇಲೆ ಬರುತ್ತಾರೆ. ಮನೆಗೆ ಕರೆದು, 'ಆಸ್ರಿಗೆ ಏನು ಕುಡಿತ್ರಿ?' ಅಂತ ಕೇಳಿ, ಬೆಲ್ಲ ನೀರು ಇಟ್ಟು, ಹೊಳೆಯ ಸಮಾಚಾರ ಹೇಳುತ್ತಾರೆ. ಸಾವಿರ ಬೋರ್ಡುಗಳಿಗಿಂತ ಅದು ದೊಡ್ಡದು. ಆದರೆ ರಾತ್ರಿ ಹತ್ತಕ್ಕೆ ಬೆಂಗಳೂರಿನಿಂದ ಹೊರಟು, ಮೊಬೈಲ್ ನಕ್ಷೆ ನೋಡಿಕೊಂಡು, ಬೆಳಗಿನ ಜಾವ ಮುಳುಗು ಸೇತುವೆಗೆ ಬರುವ ಹುಡುಗರು ಯಾರ ಮನೆಗೂ ಹೋಗುವುದಿಲ್ಲ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೂ ಕಾರು ನುಗ್ಗಿಸುತ್ತಾರೆ. ಆಳ ಎಷ್ಟು ಅಂತ ಹೇಳಲು ಅಲ್ಲಿ ಏನೂ ಇರುವುದಿಲ್ಲ.

ಕಳೆದ ಚಳಿಗಾಲ ಊರಿಗೆ ಹೋದಾಗ ಭಾವನ ಬೈಕಿನಲ್ಲಿ ಹೊಸ ಸೇತುವೆ ದಾಟಿದೆ. ಭಾವ ಅಂದರೆ ಅದೇ ಮಾವನ ಮಗ. ನಡುವೆ ಬೈಕ್ ನಿಲ್ಲಿಸಿ ಹಿನ್ನೀರು ನೋಡಿದೆವು. ಅಪ್ಪ ಇದ್ದಿದ್ದರೆ ಅಂತ ಅನಿಸಿತು. ಮನೆಗೆ ಬಂದ ಮೇಲೆ ಫ್ರೀಮಾಂಟ್ ಕಥೆ ಹೇಳಿದೆ. ಭಾವ ಪೂರ್ತಿ ಕೇಳಿ, 'ಕಚೇರಿ ನಕ್ಷೆ ಎಲ್ಲ ನಮ್ಮಿಂದ ಆಗೋದಿಲ್ಲ ಮಾರಾಯ. ಒಂದು ಕಂಬ ಹಾಕಬಹುದು' ಅಂದರು.

ಮರುದಿನವೇ ಊರ ಮುಳುಗು ಸೇತುವೆಯ ಎರಡೂ ಬದಿಗೆ ಹಳೇ ಬೇಲಿಯ ಎರಡು ಕಲ್ಲುಕಂಬ ನೆಟ್ಟೆವು. ಎಲ್ಲಿಗೆ ಗೆರೆ ಹಾಕಬೇಕು ಅನ್ನುವುದಕ್ಕೇ ಅರ್ಧ ದಿನ ಹಿಡಿಯಿತು. ಊರ ಹಿರಿಯರೊಬ್ಬರು ಬಂದು, 2019ರ ಆಗಸ್ಟ್ ನೆರೆಯಲ್ಲಿ ನೀರು ಎಲ್ಲಿತ್ತು ಅಂತ ಹಲಸಿನ ಮರದ ಬುಡ ತೋರಿಸಿದರು. ಅಂಗೈ ಅಗಲದಷ್ಟು ನೀರು ಹರಿದರೆ ಹಳದಿ ಗೆರೆ. ಅದಕ್ಕಿಂತ ಒಂದು ಗೇಣು ಮೇಲೆ ಕೆಂಪು. ಕೆಳಗೆ ಭಾವ ತಾವೇ ದಪ್ಪ ಅಕ್ಷರದಲ್ಲಿ ಬರೆದರು: 'ಕೆಂಪು ಮುಳುಗಿದರೆ ದಾಟಬೇಡಿ. ಮೇಲಿನ ಮನೆಗೆ ಬನ್ನಿ.'

ಮೊನ್ನೆ ಮಳೆ ಹಿಡಿದ ಮೇಲೆ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕಂಬದ ಕೆಂಪು ಗೆರೆ ಕಾಣುತ್ತಿರಲಿಲ್ಲ. ಆಚೆ ದಡದಲ್ಲಿ ಬೆಂಗಳೂರಿನ ನಂಬರಿನ ಎರಡು ಕಾರು ನಿಂತಿದ್ದವು. ಅತ್ತಿಗೆ ಐದು ಜನಕ್ಕೆ ಕಾಫಿಗೆ ನೀರಿಟ್ಟಿದ್ದರಂತೆ.